ಗುದ್ದಲಿ ಪೂಜೆಗೆ ಬಂದಿದ್ದ ಶಾಸಕರಿಗೆ

ಮಾನ್ಯ ಶಾಸಕರೇ, ನಮಸ್ಕಾರ.

ಬೆಂಗಳೂರಿನ ನಮ್ಮ ಬಡಾವಣೆಯ ಚರಂಡಿ ಮತ್ತು ರಸ್ತೆ ಕೆಲಸಕ್ಕೆ ನೀವು ಗುದ್ದಲಿ ಪೂಜೆ ಮಾಡಿದ ದಿನ ನಾನೂ ಶಾಮಿಯಾನದ ಕೆಳಗೆ ಮೂರನೇ ಸಾಲಿನಲ್ಲಿ ಕೂತಿದ್ದೆ. ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಸುತ್ತಿದ್ದರು. ನೀವು ಮೂರು ಸಲ ಮಣ್ಣಿಗೆ ಹಾಕಿದಿರಿ. ಫೋಟೋ ಆಯಿತು, ಕೇಸರಿಬಾತ್ ಆಯಿತು, ನಿಮ್ಮ ಕಾರು ಹೊರಟಿತು. ಆಮೇಲೆ ಒಬ್ಬ ಹೆಣ್ಣುಮಗಳು ಬಂದು ಹಾರ ಬಿಚ್ಚಿ ಪಕ್ಕಕ್ಕಿಟ್ಟು, ಅದೇ ಗುದ್ದಲಿ ಎತ್ತಿಕೊಂಡು ಹೋದಳು. ಆಳ ತೋಡೋದು ಜೆಸಿಬಿ. ತಳ ಮಟ್ಟ ಮಾಡೋದು, ಮೂಲೆ ಕೆರೆಯೋದು ಇವತ್ತಿಗೂ ಗುದ್ದಲಿಯೇ. ಈ ಪತ್ರ ಆಕೆಯ ವಿಷಯಕ್ಕೆ.

ಮೊದಲು ನನ್ನ ಪರಿಚಯ. ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ಯಾವ ಇಲಾಖೆ ಅನ್ನೋದು ಬೇಡ. ಇಪ್ಪತ್ತೆಂಟು ವರ್ಷ ಎಂ.ಬಿ. ಬರೆದಿದ್ದೇನೆ. ಎಂ.ಬಿ. ಅಂದರೆ ಅಳತೆ ಪುಸ್ತಕ ಅಂತ ನಿಮಗೆ ಗೊತ್ತೇ ಇದೆ. ಉದ್ದ, ಅಗಲ, ಆಳ ಅದರಲ್ಲಿ ಬಂದರೆ ಬಿಲ್ ಆಗುತ್ತದೆ. ಬರದಿದ್ದರೆ ಆ ಕೆಲಸ ಆಗೇ ಇಲ್ಲ ಅಂತ ಲೆಕ್ಕ. ಎಷ್ಟು ಕ್ಯೂಬಿಕ್ ಮೀಟರ್ ಮಣ್ಣು, ಎಷ್ಟು ಕೆಜಿ ಕಂಬಿ, ಎಲ್ಲ ಬರೆದೆ. ಕೆಲಸದವರು ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಒಂದು ಸಲವೂ ಬರೆಯಲಿಲ್ಲ. ಬರೆಯೋಕೆ ಐಟಂ, ಅಂದರೆ ಎಸ್ಟಿಮೇಟಿನಲ್ಲಿ ರೇಟ್ ಹಾಕಿದ ಬಾಬ್ತು, ಇರಲಿಲ್ಲ. ಇದು ನೆಪ ಅಂತ ನನಗೂ ಗೊತ್ತು.

ನಿವೃತ್ತಿಯಾದ ಮೇಲೆ ಬೆಳಗ್ಗೆ ವಾಕಿಂಗ್ ಹೋಗ್ತೀನಿ. ಪಾರ್ಕಿನ ಹಿಂದೆ ಒಂದು ಖಾಲಿ ಸೈಟ್ ಇದೆ. ಅಲ್ಲೀಗ ಒಂಬತ್ತು ಶೆಡ್. ಮೇಲೆ ನೀಲಿ ಟಾರ್ಪಾಲು, ಸುತ್ತ ಹಳೆ ಫ್ಲೆಕ್ಸ್. ಒಂದು ಶೆಡ್ಡಿನ ಗೋಡೆಯಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯ ತಲೆಕೆಳಗಾಗಿದೆ. (ನಿಮ್ಮದಲ್ಲ, ನೋಡಿದೆ.) ಒಳಗೆ ನೆಟ್ಟಗೆ ನಿಲ್ಲೋಕೆ ಆಗಲ್ಲ. ಕಕ್ಕಸು ಇಲ್ಲ. ಹೆಂಗಸರು ಬೆಳಕು ಹರಿಯೋ ಮೊದಲು ಎದ್ದು ಹಿಂದಿನ ಪೊದೆಗೆ ಹೋಗಬೇಕು. ಆ ಜಾಗಕ್ಕೂ ಈಗ ಯಾರೋ ಕಾಂಪೌಂಡ್ ಕಟ್ಟಿಸುತ್ತಿದ್ದಾರೆ. ಕಟ್ಟುವವರೂ ಇವರೇ.

ಗುದ್ದಲಿ ಎತ್ತಿಕೊಂಡ ಹೆಣ್ಣುಮಗಳು ಯಾದಗಿರಿ ಜಿಲ್ಲೆ ಸುರಪುರ ಕಡೆಯವಳು. ಸುಗ್ಗಿ ಮುಗಿಸಿ ಗುಳೆ ಬಂದಿದ್ದಾಳೆ. ಒಂದು ದಿನ ಸುಮ್ನೆ ಕೇಳಿದೆ, ಸ್ನಾನಕ್ಕೆ ನೀರು ಎಲ್ಲಿಂದಮ್ಮ ಅಂತ. ಟ್ಯಾಂಕರ್ ತೋರಿಸಿದಳು. "ಗೋಡಿಗಿ ಹೊಡದು ಉಳದ್ರ ನಮಗ್ರೀ ಸರ" ಅಂದಳು.

ಒಂದು ನಿಮಿಷ ನನಗೆ ಮಾತೇ ಬರಲಿಲ್ಲ. ಚರಂಡಿ ಗೋಡೆಗೆ ಕ್ಯೂರಿಂಗ್ ಮಾಡೋಕೆ ಬರುವ ಟ್ಯಾಂಕರ್ ಅದು. ಹೊಸ ಕಾಂಕ್ರೀಟ್ ಕನಿಷ್ಠ 7 ದಿನ ಒದ್ದೆ ಇರಬೇಕು ಅಂತ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಗೋಣಿತಾಟು ಹೊದಿಸಿ ನೀರು ಹಾಕುತ್ತಲೇ ಇರಬೇಕು. ಇಲ್ಲದಿದ್ದರೆ ಬಿರುಕು ಬಿಡುತ್ತೆ. ತಾಟು ಒಣಗಿದ್ದು ಕಂಡರೆ ನಾನೇ ಮೇಸ್ತ್ರಿಗೆ ಬೈದು ಬಿಲ್ ತಡೆದಿದ್ದೇನೆ. ಗೋಡೆ ಒಣಗಿದರೆ ಕೇಳೋಕೆ ಒಬ್ಬ ಎಂಜಿನಿಯರ್ ಇದ್ದ. ಮಿಕ್ಕದ್ದನ್ನು ಯಾರೂ ಕೇಳಲಿಲ್ಲ.

ಆಕೆಗೆ ವರ್ಷದ ಮಗು ಇದೆ. ಎರಡು ಕಂಬಿ ಸ್ಟ್ಯಾಂಡಿಗೆ ಸೀರೆ ಕಟ್ಟಿ ಜೋಲಿ ಮಾಡಿದ್ದಾಳೆ. ಜೆಸಿಬಿ ಹಿಂದೆ ಬರುವಾಗ ಪೀಂ ಪೀಂ ಅಂತ ಹೊಡೆದುಕೊಳ್ಳುತ್ತಲ್ಲ, ಆ ಸದ್ದಿಗೆ ಆ ಮಗು ಎದ್ದೇಳೋದಿಲ್ಲ. ಸದ್ದು ನಿಂತಾಗ ಎದ್ದು ಅಳುತ್ತದೆ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಇದಕ್ಕೆಲ್ಲ ಉತ್ತರ ಇತ್ತು. ಬಾಡಿಗೆ ತೆಗೆದುಕೊಳ್ಳದೆ ಉಳಿಯೋಕೆ ಜಾಗ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ವ್ಯವಸ್ಥೆ ಇರಬೇಕು ಅಂತ ಬರೆದಿತ್ತು. 50ಕ್ಕಿಂತ ಜಾಸ್ತಿ ಹೆಂಗಸರು ಇದ್ದರೆ ಶಿಶುಪಾಲನಾ ಕೋಣೆ ಕೂಡ. ನಮ್ಮ ಬೀದಿಯಲ್ಲಿರುವ ಹೆಂಗಸರು ಹದಿನಾಲ್ಕು. ದೊಡ್ಡ ಕೆಲಸವನ್ನು ಪ್ಯಾಕೇಜ್ ಮಾಡಿ, ಗುತ್ತಿಗೆದಾರ ಅದನ್ನು ತುಂಡು ಗುತ್ತಿಗೆ ಕೊಟ್ಟು, ಅವನು ಮೇಸ್ತ್ರಿಗೆ ಒಪ್ಪಿಸಿದರೆ ಯಾವ ಬೀದಿಯಲ್ಲೂ ಐವತ್ತು ಆಗೋದೇ ಇಲ್ಲ. ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಯಾಕೆ ಕಮ್ಮಿ ಅನ್ನೋದು ಬೇರೆ ಪತ್ರದ ವಿಷಯ, ಬಿಡಿ.

ಇನ್ನೊಂದು ತಮಾಷೆ ಕೇಳಿ. ವಲಸೆ ಕಾರ್ಮಿಕರಿಗೆ ಅಂತಲೇ 1979ರಲ್ಲಿ ಒಂದು ಕಾಯ್ದೆ ಬಂತು. ಅದು ಅಂತರರಾಜ್ಯ ವಲಸೆಗೆ ಮಾತ್ರ. ಹೊಸೂರಿನಿಂದ 40 ಕಿ.ಮೀ. ಬಂದವರು ಅದರ ಪ್ರಕಾರ ವಲಸೆ ಕಾರ್ಮಿಕರು ಆಗಬಹುದಿತ್ತು. ಯಾದಗಿರಿಯಿಂದ ಸುಮಾರು 500 ಕಿ.ಮೀ. ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಈಕೆ ಅಲ್ಲ. ಈಕೆ ಕರ್ನಾಟಕದವಳು, ಮನೆಯಲ್ಲೇ ಇದ್ದಾಳೆ ಅಂತ ಲೆಕ್ಕ! ಬಿಹಾರದಿಂದಲೋ ಜಾರ್ಖಂಡ್‌ನಿಂದಲೋ ಬಂದ ಹುಡುಗರಿಗಾದರೂ ಆ ಕಾಯ್ದೆ ಸಿಕ್ಕಿತಾ ಅಂದರೆ, ನಾನು ಕಂಡ ಯಾವ ಸೈಟಿನಲ್ಲೂ ಸಿಕ್ಕಿರಲಿಲ್ಲ.

ದುಡ್ಡಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ಬಿಲ್ಲಿನಲ್ಲೂ ಕಾರ್ಮಿಕ ಕಲ್ಯಾಣದ ಸೆಸ್ ಅಂತ 1% ಹಿಡಿಯುತ್ತೇವೆ. 5 ಕೋಟಿ ಕೆಲಸಕ್ಕೆ 5 ಲಕ್ಷ. ನಾನೇ ಎಷ್ಟೋ ಬಿಲ್ಲಿನಲ್ಲಿ ಹಿಡಿದಿದ್ದೇನೆ. ಅದು ಕಲ್ಯಾಣ ಮಂಡಳಿಗೆ ಹೋಗುತ್ತದೆ. ಅಲ್ಲಿಂದ ಈ ಶೆಡ್ಡಿಗೆ ವಾಪಸ್ ಬರೋ ದಾರಿ ಮಾತ್ರ ಉದ್ದ. ಲೇಬರ್ ಕಾರ್ಡ್ ಬೇಕು, ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು, ಅದಕ್ಕೆ ಸಹಿ ಹಾಕಬೇಕಾದ ಮೇಸ್ತ್ರಿ ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿರುತ್ತಾನೆ. ಬಾಂಡ್ಲಿ ಮುಟ್ಟದವರ ಹತ್ತಿರ ಬೋಗಸ್ ಕಾರ್ಡ್ ಸಿಕ್ಕ ಸುದ್ದಿ ನೀವೂ ಓದಿರುತ್ತೀರಿ. ಈ ಒಂಬತ್ತು ಶೆಡ್ಡಿನಲ್ಲಿ ಕಾರ್ಡ್ ಇರೋದು ಇಬ್ಬರಿಗೆ. ರೇಷನ್ನೂ ಹೀಗೇ. ಊರಿನ ಕಾರ್ಡ್ ತೋರಿಸಿ ಇಲ್ಲೇ ಅಕ್ಕಿ ತಗೋಬಹುದು ಅನ್ನೋದು ನಿಜ. ಆದರೆ ಸಿಮೆಂಟು ತಿಂದ ಬೆರಳನ್ನು ಮಷೀನು ಒಪ್ಪಬೇಕಲ್ಲ. ಆಕೆಯ ಗಂಡ ಎರಡು ಸಲ ಹೋಗಿ ಬರಿಗೈಲಿ ಬಂದ. ಹೋದಷ್ಟೂ ದಿನದ ಕೂಲಿ ಹೋಯಿತು.

ನಗರಕ್ಕೆ ಇವರು ಬೇಕಾಗಿದ್ದಾರೆ, ಅದರಲ್ಲಿ ಅನುಮಾನವಿಲ್ಲ. 2020ರ ಮೇ ತಿಂಗಳು ನೆನಪಿದೆಯಾ? ಲಾಕ್‌ಡೌನ್‌ನಲ್ಲಿ ಊರಿಗೆ ಹೋಗ್ತೀವಿ ಅಂತ ಜನ ಗಂಟುಮೂಟೆ ಹೊತ್ತು ನಿಂತಿದ್ದರು. ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ಮಾಡಿದ ಮೇಲೆ, ಶ್ರಮಿಕ್ ರೈಲು ಬೇಡ ಅಂತ ಸರ್ಕಾರವೇ ರೈಲ್ವೆಗೆ ಬರೆಯಿತು. ದೇಶವೆಲ್ಲ ಬೈದ ಮೇಲೆ ಮಾತು ಬದಲಿಸಿದರು. ಅದೇ ವರ್ಷ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶದವರು ಇದ್ದಾರೆ ಅಂತ ಶೆಡ್ಡುಗಳನ್ನೇ ಕೆಡವಿದ್ದರು. ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಜನವರಿಯಲ್ಲಿ ಇರಬೇಡಿ ಅಂದೆವು, ಮೇನಲ್ಲಿ ಹೋಗಬೇಡಿ ಅಂದೆವು.

ಎಲ್ಲ ಕಡೆಯೂ ಹೀಗೇ ಅಂತ ಹೇಳಲ್ಲ. ನಮ್ಮ ಮೆಟ್ರೊಗೆ ಎಡಿಬಿ (ಮನಿಲಾದ ಏಷ್ಯಾ ಅಭಿವೃದ್ಧಿ ಬ್ಯಾಂಕ್), ಜಪಾನಿನ ಜೈಕಾ, ಎಐಐಬಿಯಂಥ ವಿದೇಶಿ ಸಂಸ್ಥೆಗಳ ಸಾಲ ಇದೆ. ಇಂಥ ಸಾಲದ ಜೊತೆ ಕಾರ್ಮಿಕರ ಷರತ್ತುಗಳೂ ಬರುತ್ತವೆ. ಲೇಬರ್ ಕ್ಯಾಂಪ್ ಹೇಗಿದೆ ಅಂತ ವರದಿ ಕೊಡಬೇಕಾಗುತ್ತದೆ. ಆ ಕ್ಯಾಂಪುಗಳು ಸ್ವರ್ಗ ಅಲ್ಲ, ತಗಡಿನ ಶೆಡ್ಡುಗಳೇ. ಆದರೂ ಕೇಳುವವರು ಒಬ್ಬರು ಇರುತ್ತಾರೆ. ಎಲ್ಲೋ ಮನಿಲಾದಲ್ಲಿ ಕೂತ ಬ್ಯಾಂಕ್ ಕೇಳಬಹುದಾದ ಪ್ರಶ್ನೆಯನ್ನು ನಮ್ಮ ವಾರ್ಡಿನ ಚರಂಡಿ ಕೆಲಸಕ್ಕೆ ನಾವು ಕೇಳಬಾರದಾ?

ನಿಮ್ಮ ಎಂಜಿನಿಯರ್ ತಕ್ಷಣ ಹೇಳ್ತಾರೆ, "ಸರ್, ಟೆಂಡರಿನಲ್ಲಿ ಷರತ್ತು ಇದೆ" ಅಂತ. ಇರುತ್ತದೆ. ಕೆಲಸಗಾರರಿಗೆ ಗುಡಿಸಲು, ನೀರು, ಕಕ್ಕಸು ಎಲ್ಲ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಕೊಡತಕ್ಕದ್ದು ಅಂತ ಎಲ್ಲೋ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಷರತ್ತನ್ನು ಯಾರೂ ಅಳೆಯೋದಿಲ್ಲ ಸ್ವಾಮಿ. ಅಳೆಯೋದು ಐಟಂ ಮಾತ್ರ. ಅತಿ ಕಮ್ಮಿ ರೇಟಿಗೆ ಟೆಂಡರ್ ಹಿಡಿದ ಗುತ್ತಿಗೆದಾರ ಮೊದಲು ಉಳಿಸೋದೇ ಷರತ್ತಿನಲ್ಲಿ. ಒಳ್ಳೆಯವನು ಕಕ್ಕಸು ಕಟ್ಟಿಸೋಕೆ ಹೋದರೆ ಮುಂದಿನ ಟೆಂಡರಿನಲ್ಲಿ ಸೋಲುತ್ತಾನೆ.

ಹಾಗಾಗಿ ನಾನು ಕೇಳೋದು ಒಂದೇ. ನಿಮ್ಮ ಕ್ಷೇತ್ರದಲ್ಲಿ ಇನ್ನು ಮುಂದೆ ಆಗುವ ಎಸ್ಟಿಮೇಟಿನಲ್ಲಿ ಅದನ್ನು ಐಟಂ ಮಾಡಿಸಿ. ಇಷ್ಟು ಜನಕ್ಕೆ ಇಷ್ಟು ಶೆಡ್, ಇಷ್ಟು ಕಕ್ಕಸು, ದಿನಕ್ಕೆ ಇಷ್ಟು ಲೀಟರ್ ನೀರು, ಮಕ್ಕಳನ್ನು ನೋಡಿಕೊಳ್ಳೋಕೆ ಒಬ್ಬ ಆಯಾ. ಅದಕ್ಕೂ ರೇಟ್ ಕೊಡಿ. ಎಂ.ಬಿ.ಯಲ್ಲಿ ಬರೆಯಲಿ, ಮೇಲಿನವರು ಬಂದು ಚೆಕ್ ಮಾಡಲಿ. ಅದು ಆಗದೆ ಮೊದಲ ಬಿಲ್ ಪಾಸ್ ಆಗಬಾರದು. ಖರ್ಚು ಜಾಸ್ತಿ ಆಗುತ್ತೆ ಅನ್ನುವವರಿಗೆ ಎಸ್ಟಿಮೇಟಿನ ಕೊನೆಯ ಸಾಲುಗಳನ್ನು ತೋರಿಸಿ. ನಿಮ್ಮ ಹೆಸರು ಬರೆದು ನಿಲ್ಲಿಸುವ ನಾಮಫಲಕಕ್ಕೂ ಅಲ್ಲಿ ಎಷ್ಟೋ ಸಲ ಒಂದು ಐಟಂ ಇರುತ್ತದೆ.

ಇದರಿಂದ ನಿಮಗೆ ಒಂದು ಓಟೂ ಬರೋದಿಲ್ಲ, ಅದೂ ಗೊತ್ತು. ಆ ಒಂಬತ್ತು ಶೆಡ್ಡಿನವರ ಓಟು ಇರೋದು ಬೇರೆಯವರ ಕ್ಷೇತ್ರದಲ್ಲಿ. ಅದಕ್ಕೇ ಅವರ ಪರವಾಗಿ ಇಲ್ಲಿ ಓಟು ಇರೋ ನಾನು ಬರೆಯುತ್ತಿದ್ದೇನೆ. ಬಡಾವಣೆಯ ಸಂಘದಲ್ಲಿ ಈ ಮಾತು ಎತ್ತಿದಾಗ, ಶೆಡ್ಡಿನವರಿಂದ ಪಾರ್ಕ್ ಗಲೀಜಾಗುತ್ತಿದೆ, ಬೇಗ ಖಾಲಿ ಮಾಡಿಸಿ ಅಂದವರೇ ಜಾಸ್ತಿ. ಅವರ ಪತ್ರವೂ ನಿಮಗೆ ಬರಬಹುದು. ಎರಡನ್ನೂ ಓದಿ.

ನಮ್ಮ ರಸ್ತೆಯಲ್ಲಿ ಇನ್ನೂ 180 ಮೀಟರ್ ಚರಂಡಿ ಬಾಕಿ ಇದೆ. ಮುಂಗಾರು ಹಿಡಿಯೋ ಮೊದಲು ಮುಗಿದರೆ ಅವರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ಅಷ್ಟರೊಳಗೆ ಒಂದು ಸಲ ಬನ್ನಿ. ಬೆಳಗ್ಗೆ ಏಳರ ಒಳಗೇ ಬರಬೇಕು, ಆಮೇಲೆ ಎಲ್ಲರೂ ಕೆಲಸದ ಮೇಲೆ ಇರುತ್ತಾರೆ. ಚರಂಡಿ ದಾಟೋಕೆ ಒಂದು ಸೆಂಟ್ರಿಂಗ್ ಹಲಗೆ ಹಾಕಿದ್ದಾರೆ, ಸ್ವಲ್ಪ ಅಲ್ಲಾಡುತ್ತೆ. ನಾನು ಆ ಕಡೆ ನಿಂತಿರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ನಿವೃತ್ತ ಎಂಜಿನಿಯರ್