ಬ್ಯಾಕ್ ಆಡುವ ಮಗಳಿಗೆ

ಮಂಗಳೂರು
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. "ಅಮ್ಮಾ, ಸೆಲ್ಫ್ ಗೋಲ್ ಆಯ್ತು, ನನ್ನ ಕಾಲಿಗೆ ತಾಗಿ ಚೆಂಡು ನಮ್ಮ ಗೋಲಿಗೇ ಹೋಯ್ತು. ಇನ್ನು ನನ್ನನ್ನ ಇಳಿಸಲ್ಲ" ಅಂದೆ. ಆಮೇಲೆ ಮೂಗು ಎಳೆದ ಸದ್ದು. ಕೇಳಿದರೆ ಶೀತ ಅಂದೆ. ಹದಿನೇಳು ವರ್ಷ ಆ ಮೂಗು ಒರೆಸಿದವಳು ನಾನು, ಶೀತ ಯಾವುದು ಅಳು ಯಾವುದು ಅಂತ ಗೊತ್ತಾಗಲ್ವಾ?

ಫೋನಿನಲ್ಲಿ ಏನಾದರೂ ಹೇಳಲು ಹೊರಟರೆ "ಆಯ್ತಮ್ಮ, ಆಯ್ತಮ್ಮ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. ನಡುವೆ ಬಾಯಿ ಹಾಕಲು ಆಗುವುದಿಲ್ಲ, ಓದು.

ಬೆಳಿಗ್ಗೆ ನಿನ್ನ ಕೋಣೆ ಗುಡಿಸುವಾಗ ಕಪಾಟಿನ ಬಾಗಿಲಿಗೆ ಅಂಟಿಸಿದ ಚಿತ್ರ ಕಣ್ಣಿಗೆ ಬಿತ್ತು. ಮೂರು ವರ್ಷದಿಂದ ಅಲ್ಲೇ ಇದೆ. ಮಳೆಗಾಲದ ಥಂಡಿಗೆ ಒಂದು ಮೂಲೆಯ ಅಂಟು ಬಿಟ್ಟಿದೆ. ಇವಳು ಯಾರು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ, ನೋಡು. ಲೂಸಿ ಬ್ರಾಂಜ್, ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ್ತಿ. ನಿನ್ನ ಹಾಗೇ ಬ್ಯಾಕ್, ಹಿಂದೆ ನಿಂತು ಎದುರಿನವರ ಗೋಲು ತಡೆಯುವವಳು. ಮಧ್ಯಾಹ್ನವಿಡೀ ಕೂತು ಅವಳ ಬಗ್ಗೆ ಓದಿದೆ. ನಿನ್ನ ಅಪ್ಪನಿಗೆ ಗಂಜಿ, ಉಪ್ಪಿನಕಾಯಿಯೇ ಗತಿಯಾಯಿತು.

ಅವಳು ಗೆದ್ದ ಕಪ್‌ಗಳು ನಿನಗೆ ಬಾಯಿಪಾಠ ಇರುತ್ತವೆ. ನಾನು ಓದಿದ್ದು ಅದಕ್ಕೂ ಹಿಂದಿನ ಕತೆ. ಹುಟ್ಟಿದ್ದು 1991ರಲ್ಲಿ, ಸ್ಕಾಟ್ಲೆಂಡ್ ಗಡಿಯ ಹತ್ತಿರದ ಬೆರಿಕ್ ಎಂಬ ಊರಿನಲ್ಲಿ. ಚಿಕ್ಕವಳಿದ್ದಾಗ ಇದ್ದದ್ದು ಲಿಂಡಿಸ್‌ಫಾರ್ನ್ ದ್ವೀಪದಲ್ಲಿ. ಸಮುದ್ರ ಉಬ್ಬರ ಬಂದಾಗ ಆ ದ್ವೀಪಕ್ಕೆ ಹೋಗುವ ರಸ್ತೆಯೇ ಮುಳುಗುತ್ತದಂತೆ. ಆಮೇಲೆ ಆನಿಕ್ ಎಂಬ ಊರಿನಲ್ಲಿ ಹುಡುಗರ ಟೀಮಿನ ಜೊತೆ ಆಡಿದಳು. ಹನ್ನೆರಡು ತುಂಬುವ ಹೊತ್ತಿಗೆ ನಿಯಮ ಅಡ್ಡ ಬಂತು. ಆಗೆಲ್ಲ ಆ ವಯಸ್ಸಾದ ಮೇಲೆ ಹುಡುಗಿಯರು ಹುಡುಗರ ಜೊತೆ ಆಡುವ ಹಾಗಿರಲಿಲ್ಲ. ಇವಳನ್ನು ಬಿಡಲು ಕೋಚ್‌ಗೇ ಇಷ್ಟವಿರಲಿಲ್ಲ, ವಾದ ಮಾಡಿದರು. ಏನೂ ಆಗಲಿಲ್ಲ. ಹತ್ತಿರದಲ್ಲಿ ಸರಿಯಾದ ಹುಡುಗಿಯರ ಟೀಮ್ ಇಲ್ಲ ಅಂತ ದೂರದ ಸಂಡರ್‌ಲ್ಯಾಂಡ್‌ಗೆ ಹೋಗಬೇಕಾಯಿತು.

ಇದನ್ನು ಓದುವಾಗ ನನಗೆ ನೆಹರೂ ಮೈದಾನ ನೆನಪಾಯಿತು. ಹುಡುಗರ ನಡುವೆ ನೀನೊಬ್ಬಳೇ ಜಡೆಯವಳು. ಆ ಕೆಂಪು ಮಣ್ಣು ಕುಡಿದ ಸ್ಟಾಕಿಂಗ್ಸ್ ಎಷ್ಟು ಒಗೆದರೂ ಬಿಳಿಯಾಗುತ್ತಿರಲಿಲ್ಲ. ಇನ್ನೊಂದೂ ನೆನಪಾಯಿತು. ನೀನು ಮರೆತಿರಲಿಕ್ಕಿಲ್ಲ. ನಾನು ನಿನ್ನ ಸರ್ ಹತ್ತಿರ ಹೋಗಿ, "ಇವಳನ್ನ ಮುಂದೆ ಆಡಿಸಿ ಸರ್, ಹಿಂದೆ ನಿಂತರೆ ಯಾರು ನೋಡ್ತಾರೆ? ಗೋಲ್ ಹೊಡೆದರೆ ಪೇಪರಲ್ಲಾದ್ರೂ ಹೆಸರು ಬರುತ್ತೆ" ಅಂದಿದ್ದೆ. ಅವರು ನಕ್ಕರು. ನೀನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಮಾತು ತಪ್ಪಾಯ್ತು ಅಂತ ನಾನು ಯಾವತ್ತೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ತಪ್ಪಾಯ್ತು ಮಗಾ.

2009ರಲ್ಲಿ ಲೂಸಿಯ ಸಂಡರ್‌ಲ್ಯಾಂಡ್ ಟೀಮ್ ಎಫ್‌ಎ ಕಪ್ ಅನ್ನುವ ಇಂಗ್ಲೆಂಡಿನ ಹೆಂಗಸರ ಟೂರ್ನಿಯ ಫೈನಲ್‌ಗೆ ಬಂತು. ಆಗ ಅವಳಿಗೆ ಹದಿನೇಳು, ನಿನ್ನಷ್ಟೇ. ಆರ್ಸೆನಲ್ ಎದುರು 2-1ರಲ್ಲಿ ಸೋತರು. ಆದರೆ ಪ್ಲೇಯರ್ ಆಫ್ ದಿ ಮ್ಯಾಚ್ ಕೊಟ್ಟಿದ್ದು ಸೋತ ಟೀಮಿನ ಇವಳಿಗೆ. ಅಲ್ಲಿಂದ ಸೀದಾ ಮೇಲೇರಿದಳು ಅಂದುಕೊಂಡೆ ನಾನು. ಇಲ್ಲ. ಓದಲು ಅಮೆರಿಕದ ನಾರ್ತ್ ಕೆರೊಲಿನಾಗೆ ಹೋದಳು, ಅಲ್ಲಿನ ಕಾಲೇಜು ಚಾಂಪಿಯನ್‌ಶಿಪ್ ಗೆದ್ದ ಟೀಮಿನಲ್ಲಿದ್ದಳು, ಒಂದೇ ಸೀಸನ್ ಆಡಿ ಊರಿಗೆ ವಾಪಸ್. ಬಂದು ಎವರ್ಟನ್ ಕ್ಲಬ್ ಸೇರಿದಳು. ಆಗ ಶುರುವಾಯಿತು ಮೊಣಕಾಲಿನ ಗೋಳು. ಒಂದು ಆಪರೇಷನ್ ಆಯ್ತು ಅನ್ನುವಷ್ಟರಲ್ಲಿ ಇನ್ನೊಂದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿನ್ನ ಬಲ ಮೊಣಕಾಲು ಈಗ ಹೇಗಿದೆ? ಹೋದ ತಿಂಗಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದಿದ್ದನ್ನು ನೋಡಿದ್ದೇನೆ. ನೋವಿದ್ದರೆ ಫಿಸಿಯೋಗೆ ಹೇಳು. ಜಾಗ ಹೋಗುತ್ತೆ ಅಂತ ಮುಚ್ಚಿಟ್ಟುಕೊಂಡು ಆಡಬೇಡ.

ಸರಿ, ಮುಂದಿನದು. ಎವರ್ಟನ್‌ಗೆ ಆಡುತ್ತಲೇ ಅವಳು ಲೀಡ್ಸ್‌ನಲ್ಲಿ ಕಾಲೇಜು ಓದುತ್ತಿದ್ದಳು. ಲೀಡ್ಸ್‌ನಿಂದ ಎವರ್ಟನ್ ಇರುವ ಲಿವರ್‌ಪೂಲ್ ನಗರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಆಗ ಹೆಂಗಸರ ಫುಟ್‌ಬಾಲಿನಲ್ಲಿ ಸಿಗುತ್ತಿದ್ದ ದುಡ್ಡಿನಲ್ಲಿ ಬದುಕುವುದು ಕಷ್ಟ. ಅದಕ್ಕೆ ಡಾಮಿನೋಸ್ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನನಗೆ ಆ ಪಿಜ್ಜಾ ಅಂಗಡಿ ಮನಸ್ಸಿನಿಂದ ಹೋಗುತ್ತಿಲ್ಲ. ಬೆಳಿಗ್ಗೆ ಪಾಠ, ಆಮೇಲೆ ಅಷ್ಟು ದೂರ ಪ್ರಾಕ್ಟೀಸ್, ಆಪರೇಷನ್ ಆದ ಕಾಲಿನಲ್ಲಿ ನಿಂತು ಪಿಜ್ಜಾ ಕೆಲಸ. ಅವಳ ಅಮ್ಮನೂ ರಾತ್ರಿ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳಿರಬೇಕು. ಅವಳೂ ಶೀತ ಅಂದಿರಬೇಕು.

2012ರ ಕೊನೆಗೆ ಅದೇ ಊರಿನ ಇನ್ನೊಂದು ಕ್ಲಬ್ ಲಿವರ್‌ಪೂಲ್ ಸೇರಿದಳು. ಆ ವರ್ಷ ಲೀಗಿನಲ್ಲಿ ಕಟ್ಟಕಡೆಯ ಸ್ಥಾನ ಆ ಟೀಮಿನದ್ದು! ಮರುವರ್ಷ ಅದೇ ಟೀಮ್ ಲೀಗ್ ಗೆದ್ದಿತು, 2014ರಲ್ಲಿ ಮತ್ತೆ ಗೆದ್ದಿತು. ಆ ವರ್ಷ ಜೊತೆ ಆಟಗಾರ್ತಿಯರೇ ವೋಟು ಹಾಕಿ ಆರಿಸುವ ವರ್ಷದ ಆಟಗಾರ್ತಿ ಪ್ರಶಸ್ತಿಯೂ ಅವಳಿಗೇ ಬಂತು. ಒಬ್ಬ ಬ್ಯಾಕ್‌ಗೆ! ನಿನ್ನ ಸರ್ ಹತ್ತಿರ ನಾನು ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಬೇಕಾ?

ನಡುವೆ 2013ರ ಯೂರೋ ಕಪ್‌ಗೆ ಇಂಗ್ಲೆಂಡ್ ಟೀಮಿನ ಜೊತೆ ಹೋದಳು. ಪೂರ್ತಿ ಬೆಂಚಿನಲ್ಲೇ ಕೂತಳು. 2015ರ ವಿಶ್ವಕಪ್‌ನಲ್ಲಿ ನಾರ್ವೆ ಎದುರು ದೂರದಿಂದ ಬಾರಿಸಿದ ಗೋಲನ್ನು ಇವತ್ತು ನಾಲ್ಕು ಸಲ ನೋಡಿದೆ. ನೆಟ್ಟಗೆ ಹೋಯಿತು, ನಮ್ಮ ತೆಂಗಿನಕಾಯಿ ಕೀಳುವವರು ಕತ್ತಿ ಬೀಸಿದ ಹಾಗೆ.

ನಿನ್ನ ಮ್ಯಾಚನ್ನೂ ಮತ್ತೆ ನೋಡಿದೆ. ಲೈವ್ ಬರುವಾಗ ಮೂರು ಸಲ ನಿಂತುಹೋಗಿತ್ತು, ರೆಕಾರ್ಡಿಂಗ್ ಪೂರ್ತಿ ಇದೆ. ಆ ಗೋಲು ಹೇಗಾಯಿತು ಅಂತ ಈಗ ತಿಳಿಯಿತು. ಬದಿಯಿಂದ ಕ್ರಾಸ್ ಬಂದಾಗ ನಿನ್ನ ಹಿಂದೆ ಅವರ ಹುಡುಗಿ ಓಡಿ ಬರುತ್ತಿದ್ದಳು. ನೀನು ಕಾಲು ಚಾಚದಿದ್ದರೆ ಅವಳೇ ಹೊಡೆಯುತ್ತಿದ್ದಳು. ಅಲ್ವಾ? ನಾನು ಇಷ್ಟು ದಿನ ಚೆಂಡನ್ನು ಮಾತ್ರ ನೋಡುತ್ತಿದ್ದೆ. ಈ ಸಲ ಚೆಂಡು ಬಿಟ್ಟು ನಿನ್ನನ್ನೇ ನೋಡಿದೆ. ಚೆಂಡು ಆ ಕಡೆ ಇದ್ದಾಗಲೂ ನೀನು ಸುಮ್ನೆ ನಿಲ್ಲುವುದಿಲ್ಲ. ಎರಡು ಹೆಜ್ಜೆ ಒಳಗೆ ಬರುತ್ತೀಯ, ತಲೆ ತಿರುಗಿಸಿ ಹಿಂದೆ ನೋಡುತ್ತೀಯ, ಕೈ ತೋರಿಸಿ ಯಾರಿಗೋ ಕೂಗುತ್ತೀಯ. ಮನೆಯಲ್ಲಿ ಒಂದು ಲೋಟ ಎತ್ತಿಡು ಅಂದರೆ ಕೇಳದವಳು!

ಒಂದು ಮಾತ್ರ ಅರ್ಥವಾಗಲಿಲ್ಲ. ಸೆಕೆಂಡ್ ಹಾಫ್‌ನಲ್ಲಿ ಅವರ 11 ನಂಬರಿನವಳು ಚೆಂಡು ಹಿಡಿದು ಬಂದಾಗ ನೀನು ಮೇಲೆ ಬೀಳಲಿಲ್ಲ, ಹಿಂದೆ ಹಿಂದೆ ಸರಿಯುತ್ತ ಹೋದೆ. ಅವಳೇ ತಬ್ಬಿಬ್ಬಾಗಿ ಚೆಂಡನ್ನು ಗೆರೆಯಾಚೆ ಕಳಿಸಿಬಿಟ್ಟಳು. ಅದು ಬೇಕಂತಲೇ ಮಾಡಿದ್ದಾ? ಅದಕ್ಕೆ ಏನಂತಾರೆ? ಭಾನುವಾರ ಫೋನ್ ಮಾಡಿದಾಗ ನಿಧಾನಕ್ಕೆ ಹೇಳು, ಬರೆದಿಟ್ಟುಕೊಳ್ಳುತ್ತೇನೆ.

ಪಾರ್ಸೆಲ್‌ನಲ್ಲಿ ಎರಡು ಜೊತೆ ಸ್ಟಾಕಿಂಗ್ಸ್, ಚಕ್ಕುಲಿ ಮತ್ತು ಮಾವಿನ ಹಣ್ಣಿನ ಮಾಂಬಳ ಇದೆ. ಎಲ್ಲವನ್ನೂ ರೂಮಿನವರಿಗೇ ಹಂಚಿಬಿಡಬೇಡ. ಚಿತ್ರದ ಮೂಲೆಗೆ ಹೊಸ ಟೇಪ್ ಹಾಕಿದ್ದೇನೆ.

ನಿನ್ನ,
ಅಮ್ಮ