ಎಕ್ಸಾಸ್ಟ್ ಬಿಸಿ ಮತ್ತು ಹಿಂದಿನ ಶಾಕ್ ಅಬ್ಸಾರ್ಬರ್: ಒಮ್ಮೆ ನೋಡಿಕೊಳ್ಳಿ

ಗೆಳೆಯರೇ, ಚಿಕ್ಕ ಸ್ಪೋರ್ಟ್ ಬೈಕ್ ಇರುವವರು ಇದನ್ನು ಪೂರ್ತಿ ಓದಿ.

ಒಂದು ಗಂಟೆ ಜೋರಾಗಿ ಓಡಿಸಿದ ಮೇಲೆ ಹಿಂಬದಿ ತೇಲಿದ ಹಾಗೆ ಅನಿಸುತ್ತದಾ? ಸುಮ್ನೆ ಪ್ರೀಲೋಡ್, ಅಂದರೆ ಶಾಕ್ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ, ಬಿಗಿ ಮಾಡಬೇಡಿ. ಎಕ್ಸಾಸ್ಟ್ ಪೈಪ್ (ಹೊಗೆ ಹೋಗುವ ಪೈಪ್) ಶಾಕ್‌ಗೆ ಎಷ್ಟು ಹತ್ತಿರ ಇದೆ ನೋಡಿ. ಬಿಸಿ ಜಾಸ್ತಿ ಆದರೆ ಶಾಕ್ ಒಳಗಿನ ಎಣ್ಣೆ ತೆಳುವಾಗುತ್ತದೆ, ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತ ತಡೆಯುವ ಶಕ್ತಿ) ಇಳಿಯುತ್ತದೆ. ಗುಂಡಿ ದಾಟಿದ ಮೇಲೂ ಸೀಟು ಎರಡು ಮೂರು ಸಲ ಕುಣಿಯುತ್ತದೆ. ಪ್ರೀಲೋಡ್ ಬೈಕಿನ ಎತ್ತರ ಬದಲಿಸುತ್ತದೆ ಅಷ್ಟೇ, ಈ ಕುಣಿತ ನಿಲ್ಲಿಸುವುದಿಲ್ಲ.

ನಾನು ಹೊಸ ಪೈಪ್ ಹಾಕಿಸಿದಾಗ ಹೀಗೇ ಆಯಿತು. ಶಾಕ್ ಪಕ್ಕದ ಮಡ್‌ಗಾರ್ಡ್ ಪ್ಲಾಸ್ಟಿಕ್ ಕರಗಿ ಗುಳ್ಳೆ ಎದ್ದಿತ್ತು. ಪೈಪಿಗೂ ಶಾಕ್‌ಗೂ ನಡುವೆ ತೆಳು ಅಲ್ಯುಮಿನಿಯಂ ತಗಡು ಕೂರಿಸಿದೆ. ಎರಡೂ ಕಡೆ ಗಾಳಿ ಆಡೋಕೆ ಜಾಗ ಇರಲೇಬೇಕು, ತಗಡು ಎಲ್ಲಿಗೂ ಅಂಟಿಕೊಳ್ಳಬಾರದು. ಬಿಸಿ ತಡೆಯೋಕೆ ಪೈಪಿಗೆ ಸುತ್ತುವ ಪಟ್ಟಿ ನನಗೆ ಇಷ್ಟವಿಲ್ಲ. ಮಳೆನೀರು ಹಿಡಿದಿಟ್ಟು ಉಕ್ಕಿನ ಪೈಪಿಗೆ ತುಕ್ಕು ಹಿಡಿಸುತ್ತದೆ.

ಇದಾದ ಮೇಲೆ ಸ್ಯಾಗ್ (ನೀವು ಕೂತಾಗ ಬೈಕಿನ ಹಿಂಬದಿ ಎಷ್ಟು ಇಳಿಯುತ್ತದೆ ಅನ್ನೋದು) ಅಳೆಯಿರಿ, ಬೈಕ್ ತಣ್ಣಗಿರುವಾಗ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರ 120 ಮಿ.ಮೀ. ಇದ್ದರೆ, ರೈಡಿಂಗ್ ಗೇರ್ ಹಾಕಿ ಕೂತಾಗ ಸುಮಾರು 35 ಮಿ.ಮೀ. ಇಳಿದರೆ ಸರಿ. ಹಿಡಿದುಕೊಳ್ಳೋಕೆ ಒಬ್ಬರು, ಅಳೆಯೋಕೆ ಒಬ್ಬರು ಬೇಕು. ಶಾಕ್ ರಾಡ್ ಮೇಲೆ ಎಣ್ಣೆ ಜಿನುಗಿದ್ದರೆ ಓಡಿಸಬೇಡಿ, ಫೋಟೋ ಇಲ್ಲಿ ಹಾಕಿ.