ಹಬ್ಬದ ಅಡುಗೆ ಈ ಸಲ ಯಾರು ಮಾಡ್ತೀರಿ?

ನಾಳೆ ಬೆಳಗಾಗುವುದರೊಳಗೆ ಸಂಚಿಕೆ ಕಳಿಸಬೇಕು. ಮಕ್ಕಳ ಪುಟಕ್ಕೆ ಚಿತ್ರಗಳು ಇನ್ನೂ ಬರುತ್ತಲೇ ಇವೆ, ಒಂದು ಜಾಹೀರಾತು ಬಾಕಿ ಇದೆ. ಈ ಪುಟಕ್ಕೆ ಏನು ಬರೆಯಬೇಕು ಎನ್ನುವುದು ಮಾತ್ರ ಕಳೆದ ಭಾನುವಾರವೇ ಗೊತ್ತಾಗಿತ್ತು.

ಇಲ್ಲಿ ಮಲೇಷ್ಯಾದಲ್ಲಿ ನಮ್ಮ ಕನ್ನಡ ಸಂಘದ ಹಬ್ಬದ ಅಡುಗೆಮನೆಯನ್ನು ಇಷ್ಟು ವರ್ಷ ನಡೆಸಿದ ಅಕ್ಕ ಈ ವರ್ಷ ಹಬ್ಬಕ್ಕೆ ಮುಂಚೆಯೇ ಮೈಸೂರಿಗೆ ವಾಪಸ್ ಹೋಗುತ್ತಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕದಿದ್ದರೂ ನಿಮಗೆಲ್ಲ ಗೊತ್ತು. ಅವರನ್ನು ಬೀಳ್ಕೊಡಲು ನಾವೊಂದಿಷ್ಟು ಮನೆಯವರು ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿ ಬಾಳೆಎಲೆ ಊಟಕ್ಕೆ ಸೇರಿದ್ದೆವು. ಊಟದ ನಡುವೆ ಮಾತು ಗಣೇಶನ ಹಬ್ಬಕ್ಕೆ ತಿರುಗಿತು. ಅಕ್ಕನೇ ಇಲ್ಲ ಅಂದಮೇಲೆ ಈ ಸಲ ಅಡುಗೆ ಹೊರಗೆ ಹೇಳಿಬಿಡೋಣ ಅಂತ ಒಬ್ಬರು ಅಂದರು. ಸುತ್ತ ಕೂತವರೂ ಹೂಂಗುಟ್ಟಿದರು. ಆಗ ಪಕ್ಕದಲ್ಲಿ ಹಪ್ಪಳ ಮುರಿಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಅವಳಮ್ಮನನ್ನು ಕೇಳಿದಳು: "ಅಂದ್ರೆ ಹಬ್ಬದ ದಿನಾನೂ ಹೊರಗಡೆ ಊಟಾನಾ?"

ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಪಾಯಸ ಬಂತು, ಮಾತು ಬೇರೆ ಕಡೆ ಹೋಯಿತು.

ಹೊರಗಿನ ಊಟದ ಮೇಲೆ ನನಗೆ ಯಾವ ದೂರೂ ಇಲ್ಲ. ಈ ದೇಶ ನಮಗೆ ಕೊಟ್ಟ ಸುಖಗಳಲ್ಲಿ ಅದೂ ಒಂದು. ಆಫೀಸಿನಿಂದ ಎಷ್ಟು ಹೊತ್ತಿಗೆ ಬಂದರೂ ಯಾವುದೋ ಒಂದು ಮಾಮಕ್ (ತಮಿಳು ಮುಸ್ಲಿಮರ) ಅಂಗಡಿ ತೆರೆದೇ ಇರುತ್ತದೆ. ರೋಟಿ ಚನಾಯ್ ಮಾಡುವ ಅಣ್ಣನ ಎದುರು ನಿಂತು ನೋಡಿ. ಎಣ್ಣೆಯಲ್ಲಿ ನೆನೆದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತಿ, ಬೀಸಿ ಬೀಸಿ ಆಚೆ ಬದಿ ಕಾಣುವಷ್ಟು ತೆಳ್ಳಗೆ ಮಾಡಿ, ಮಡಚಿ ಕಾವಲಿಗೆ ಹಾಕುತ್ತಾನೆ. ಬೆಂದಮೇಲೆ ಎರಡೂ ಕೈಯಿಂದ ಬದಿಗಳನ್ನು ಚಪ್ ಅಂತ ಒಮ್ಮೆ ತಟ್ಟುತ್ತಾನೆ, ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಜೊತೆಗೆ ದಾಲ್, ಒಂದು ಲೋಟ ತೆ ತಾರಿಕ್, ಅಂದರೆ ಎತ್ತರದಿಂದ ಸುರಿದು ನೊರೆ ಬರಿಸಿದ ಹಾಲಿನ ಚಹಾ. ಸಕ್ಕರೆ ಜಾಸ್ತಿ ಬೇಡ ಅಂದರೆ 'ಕುರಾಂಗ್ ಮಾನಿಸ್' ಅನ್ನಬೇಕು ಎಂದು ನಮಗೆ ಹೇಳಿಕೊಡುವವರು ಈಗ ನಮ್ಮ ಮಕ್ಕಳೇ.

2024ರ ಡಿಸೆಂಬರಿನಲ್ಲಿ ಯುನೆಸ್ಕೋ ಮಲೇಷ್ಯಾದ ಬೆಳಗಿನ ತಿಂಡಿಯ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಆಗ ನನಗೆ ನಮ್ಮೂರಿಗೇ ಪ್ರಶಸ್ತಿ ಬಂದಷ್ಟು ಖುಷಿಯಾಯಿತು. ನಾಸಿ ಲೆಮಾಕ್, ರೋಟಿ ಚನಾಯ್, ತೆ ತಾರಿಕ್ ಮೂರೂ ಅದರಲ್ಲಿವೆ. ಮಲಯರು, ಚೀನೀಯರು, ತಮಿಳರು ಬೆಳಗ್ಗೆ ಒಂದೇ ಅಂಗಡಿಯ ಅಕ್ಕಪಕ್ಕದ ಮೇಜಿನಲ್ಲಿ ಕೂತು ತಿನ್ನುವುದನ್ನು ನಾವೆಲ್ಲ ದಿನಾ ನೋಡುತ್ತೇವೆ.

ಹೊಸದಾಗಿ ಬಂದ ಸಸ್ಯಾಹಾರಿಗಳಿಗೆ ಸ್ವಲ್ಪ ದಿನ ಕಷ್ಟ, ನಿಜ. ನಾಸಿ ಲೆಮಾಕಿನ ಅನ್ನ ತೆಂಗಿನಹಾಲಿನಲ್ಲಿ ಬೆಂದದ್ದು, ಪಾಂಡಾನ್ ಎಲೆಯ ಪರಿಮಳ ಬೇರೆ. ಆದರೆ ಅದರ ಜೊತೆ ಕೊಡುವ ಸಂಬಾಲ್ ಎಂಬ ಖಾರದ ಚಟ್ನಿಯಲ್ಲಿ ಸಾಮಾನ್ಯವಾಗಿ ಬೆಲಾಚಾನ್ ಎಂಬ ಸಿಗಡಿ ಮುದ್ದೆ ಇರುತ್ತದೆ, ಮೇಲೆ ಒಣಮೀನು. ಅಂಥವರಿಗೆ ಒಂದು ಮಾತು: ಚೀನೀ ಸಸ್ಯಾಹಾರಿ ಅಂಗಡಿಗಳನ್ನು ಹುಡುಕಿಕೊಳ್ಳಿ. ಬೌದ್ಧರ ಪದ್ಧತಿಯ ಅಂಗಡಿಯಾದರೆ ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿ ಕೂರಲು ಜಾಗ ಸಿಗುವುದು ಕಷ್ಟ, ಬಹಳ ಜನ ಅವತ್ತು ಮಾಂಸ ಮುಟ್ಟುವುದಿಲ್ಲ. ಊರಿಂದ ಬಂದ ಅತ್ತೆಯವರು ಹೊರಗಡೆ ನೀರೂ ಕುಡಿಯದವರು, ಅಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಇಷ್ಟು ಚೆನ್ನಾಗಿ, ಇಷ್ಟು ಅಗ್ಗವಾಗಿ ಹೊರಗೆ ಸಿಗುವಾಗ ಮನೆಯ ಒಲೆ ಆರುವುದು ಸಹಜ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಟ್ರಾಫಿಕ್ಕು, ಮಕ್ಕಳ ಟ್ಯೂಶನ್ನು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ "ಇಲ್ಲಿ ನಮ್ಮ ಅಡುಗೆಗೆ ಬೇಕಾದ್ದು ಏನೂ ಸಿಗಲ್ಲ" ಅನ್ನುವ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಸೂಪರ್ ಮಾರ್ಕೆಟ್ ಬಿಟ್ಟು ಬೆಳಗ್ಗೆ ಏಳಕ್ಕೆ ಮಾರುಕಟ್ಟೆಗೆ ಬನ್ನಿ. ಹೀರೆಕಾಯಿ, ಹಾಗಲ, ಬೆಂಡೆ, ಅಲಸಂದೆ, ಬಾಳೆಹೂವು, ಮರಗೆಣಸು, ಎಲ್ಲ ಇದೆ. ತೆಂಗಿನಕಾಯಿಯನ್ನು ನಿಮ್ಮ ಎದುರೇ ಯಂತ್ರಕ್ಕೆ ಹಿಡಿದು ತುರಿದು ಕೊಡುತ್ತಾರೆ. 'ಪುತಿಹ್' ಅಂದರೆ ಸಾಕು, ಕಂದು ಸಿಪ್ಪೆ ಹೆರೆದು ಬರೀ ಬಿಳಿ ತುರಿ ಕೊಡುತ್ತಾರೆ. ಚಟ್ನಿಗೆ ಅದೇ ಬೇಕು.

ಅಂಥದ್ದೇ ಒಂದು ಮಾರುಕಟ್ಟೆಯಲ್ಲಿ, ಒಂದು ನಾಗರಪಂಚಮಿಯ ಹಿಂದಿನ ದಿನ, ಮಾಕ್ಚಿಕ್ (ಹಿರಿಯ ಮಲಯ್ ಹೆಂಗಸು) ಒಬ್ಬರ ಮುಂದೆ ಲೆಮನ್‌ಗ್ರಾಸಿನ ಕಂತೆಗಳ ನಡುವೆ ಸುತ್ತಿಟ್ಟ ಹಸಿರೆಲೆ ಕಂಡಿತು. ಎತ್ತಿ ಮೂಸಿದೆ. ಅರಿಶಿನ ಎಲೆ! ನನಗೆ ಅಲ್ಲಿಯೇ ಕಾರ್ಕಳದ ಹತ್ತಿರದ ಅಜ್ಜಿಮನೆ ಕಣ್ಣೆದುರು ಬಂತು. ನಾಗರಪಂಚಮಿ ಅಂದರೆ ಅಲ್ಲಿ ಮಳೆ. ದೊಡ್ಡವರು ಸೀಯಾಳ, ಹಾಲು, ಹಿಂಗಾರ ಹಿಡಿದು ಬನಕ್ಕೆ ಹೋಗಿರುತ್ತಿದ್ದರು. ಎಲೆ ಕೊಯ್ಯುವ ಕೆಲಸ ಮಕ್ಕಳದ್ದು. ಹರಿದದ್ದು ತರಬೇಡಿ, ತೀರಾ ಎಳತೂ ಬೇಡ ಅಂತ ಅಜ್ಜಿ ಒಳಗಿಂದ ಕೂಗುತ್ತಿದ್ದರು. ಗಿಡ ಮುಟ್ಟಿದರೆ ಎಲೆಯ ಮೇಲೆ ನಿಂತ ನೀರೆಲ್ಲ ತೋಳಿನೊಳಗೆ ಇಳಿಯುತ್ತಿತ್ತು. ರಾತ್ರಿಯೇ ನೆನೆಹಾಕಿದ ಅಕ್ಕಿಯನ್ನು ಅಜ್ಜಿ ಕಡೆಯುವ ಕಲ್ಲಿನಲ್ಲಿ ಗಟ್ಟಿಯಾಗಿ ರುಬ್ಬುತ್ತಿದ್ದರು. ನೀರು ಜಾಸ್ತಿಯಾದರೆ ಹಿಟ್ಟು ಎಲೆಯಿಂದ ಜಾರುತ್ತದೆ. ಚಿಕ್ಕಮ್ಮ ಕಾಯಿ ತುರಿದು ಬೆಲ್ಲ, ಏಲಕ್ಕಿ ಕಲಸುತ್ತಿದ್ದರು. ಅಜ್ಜಿ ನಾಲ್ಕು ಬೆರಳಲ್ಲಿ ಎಲೆಯ ಉದ್ದಕ್ಕೂ ಹಿಟ್ಟು ಸವರಿ, ಒಂದು ಬದಿಗೆ ಹೂರಣ ಹರಡಿ, ನಡುದಂಟಿಗೆ ಸರಿಯಾಗಿ ಮಡಚಿ ಅಂಚು ಒತ್ತುತ್ತಿದ್ದರು. ಹಬೆ ಏರಿತೋ, ಆ ವಾಸನೆ ಜಗಲಿಗೆ ಬಂದು ನಮ್ಮನ್ನು ಎಳೆಯುತ್ತಿತ್ತು. ನೈವೇದ್ಯ ಆಗುವವರೆಗೆ ಮುಟ್ಟುವ ಹಾಗಿಲ್ಲ. ಆಮೇಲೆ ಕೈ ಸುಡುತ್ತಿದ್ದರೂ ಎಲೆ ಬಿಡಿಸುತ್ತಿದ್ದೆವು. ಕಡುಬಿನ ಮೇಲೆ ಎಲೆಯ ಒಂದೊಂದು ನರವೂ ಮೂಡಿರುತ್ತಿತ್ತು. ಬೆಲ್ಲ ಕರಗಿ ಮೂಲೆಯಲ್ಲಿ ಒಸರಿದ ಕಡುಬು ಯಾರಿಗೆ ಅಂತ ಜಗಳ. ಅದನ್ನು ಅಜ್ಜಿ ಪ್ರತಿ ಸಲ ಮನೆಯ ಎಲ್ಲರಿಗಿಂತ ಚಿಕ್ಕ ಮಗುವಿಗೇ ಕೊಟ್ಟು ಜಗಳ ಮುಗಿಸುತ್ತಿದ್ದರು.

ಇದ್ದ ಎಲೆಯೆಲ್ಲ ಕೊಂಡೆ. "ರೆಂಡಾಂಗಿಗಾ?" ಎಂದು ಮಾಕ್ಚಿಕ್ ಕೇಳಿದರು. ಇಲ್ಲಿಯವರು ಅದನ್ನು ಎಳೆ ಎಳೆಯಾಗಿ ಹೆಚ್ಚಿ ತೆಂಗಿನಹಾಲಿನಲ್ಲಿ ಬೇಯಿಸುವ ರೆಂಡಾಂಗ್ ಎಂಬ ಮಾಂಸದ ಅಡುಗೆಗೆ ಹಾಕುತ್ತಾರೆ, ಅದಕ್ಕೇ ಅದು ವರ್ಷವಿಡೀ ಸಿಗುವುದು. ಅಲ್ಲ, ಅಕ್ಕಿ, ಕಾಯಿ, ಬೆಲ್ಲದ ಕುಯಿಹ್ (ಇಲ್ಲಿಯವರ ತಿಂಡಿ) ಮಾಡಲಿಕ್ಕೆ ಅಂತ ಕೈಯಲ್ಲೇ ಮಡಚಿ ತೋರಿಸಿದೆ. ಅವರು ನಕ್ಕು ಪಕ್ಕದ ಅಂಗಡಿಯಿಂದ ಒಂದು ಕುಯಿಹ್ ಕೊಚಿ ತಂದು ಬಿಚ್ಚಿದರು. ಬಾಳೆಎಲೆ, ಒಳಗೆ ಅಂಟಕ್ಕಿ ಹಿಟ್ಟು, ಅದರೊಳಗೆ ತೆಂಗಿನಕಾಯಿ ಮತ್ತು ಗುಲಾ ಮೆಲಾಕ ಎಂಬ ತಾಳೆ ಜಾತಿಯ ಮರದ ಬೆಲ್ಲ, ಹಬೆಯಲ್ಲಿ ಬೇಯಿಸಿದ್ದು. ನಿನ್ನ ಬೆಲ್ಲಕ್ಕೆ ಅರ್ಧ ಗುಲಾ ಮೆಲಾಕ ಬೆರೆಸು ಅಂದರು. ನಾನು ಈಗಲೂ ಹಾಗೇ ಮಾಡುತ್ತೇನೆ. ಬಣ್ಣ ಕಪ್ಪಗಾಗುತ್ತದೆ, ರುಚಿ ಬಹಳ ಚೆನ್ನಾಗಿರುತ್ತದೆ. ರಾತ್ರಿ ಸಂತೆಯಲ್ಲಿ ಕಾಯಿತುರಿ, ಸಕ್ಕರೆ ಹಾಕಿ ಕೊಡುವ ಪುತು ಮಾಯಾಮ್ ತಿಂದವರಿಗೆ ಇದು ಹೊಸದಲ್ಲ. ಅದು ನಮ್ಮ ಒತ್ತು ಶ್ಯಾವಿಗೆಯೇ ಅಲ್ವಾ?

ಅಕ್ಕನ ಕೈಗುಣವೂ ಇಂಥದ್ದೇ. ಕೋಸಂಬರಿಗೆ ಸೌತೆಯ ಜೊತೆ ಇಲ್ಲಿಯ ಸೆಂಗ್‌ಕುವಾಂಗ್ ಗೆಡ್ಡೆ ಹೆಚ್ಚಿ ಹಾಕಲು ಶುರು ಮಾಡಿದವರು ಅವರು. ಗರಿಗರಿ ಅನ್ನುತ್ತದೆ, ಸಂಜೆಯಾದರೂ ಬೇಗ ನೀರು ಬಿಡುವುದಿಲ್ಲ. ಹುಳಿಪುಡಿ ಮಾತ್ರ ಮನೆಯಲ್ಲೇ ಹುರಿದು ತರುತ್ತಿದ್ದರು. ಬೆಳಗಾವಿ, ಮಣಿಪಾಲಗಳಲ್ಲಿ ಡಾಕ್ಟರಿಕೆ ಓದಿ ಬಂದವರು ಈ ದೇಶದಲ್ಲಿ ಬಹಳ ಜನ ಇದ್ದಾರೆ, ನಿಮಗೆ ಗೊತ್ತು. ಅಂಥ ಒಬ್ಬ ಮಲಯ್ ಡಾಕ್ಟರಮ್ಮ ಹೋದ ಹಬ್ಬಕ್ಕೆ ಬಂದಿದ್ದರು. ಅಕ್ಕನ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದು, "ಇನ್ನೂ ಸ್ವಲ್ಪ ಹಾಕಿ" ಎಂದು ಕನ್ನಡದಲ್ಲೇ ಕೇಳಿದರು. ಅಡುಗೆಮನೆಯಲ್ಲಿದ್ದವರೆಲ್ಲ ಅವರನ್ನು ನೋಡಲು ಹೊರಗೆ ಬಂದರು.

ಆದ್ದರಿಂದ ಆ ಹುಡುಗಿಗೆ ನನ್ನ ಉತ್ತರ: ಇಲ್ಲ ಪುಟ್ಟಿ, ಹಬ್ಬದ ದಿನ ನಾವೇ ಮಾಡೋಣ. ನಿಮ್ಮನ್ನೆಲ್ಲ ಕೇಳದೇ ಹೀಗೆ ಬರೆಯುತ್ತಿದ್ದೇನೆ, ದಯವಿಟ್ಟು ಕೈಬಿಡಬೇಡಿ. ಹೊಸದಾಗಿ ಬಂದವರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುವುದು ಆ ಅಡುಗೆಮನೆಯಲ್ಲೇ. ಹುರುಳಿಕಾಯಿ ನಾರು ತೆಗೆಯುತ್ತಾ ಆದ ಸ್ನೇಹಗಳು ನಮ್ಮಲ್ಲಿ ಎಷ್ಟಿವೆ!

ಇನ್ನು ಪ್ರಕಟಣೆಗಳು, ಜಾಗ ಕಡಿಮೆ ಇದೆ. ಸಾಮೂಹಿಕ ಗಣೇಶ ಹಬ್ಬ ಸೆಪ್ಟೆಂಬರ್ 16, ಮಲೇಷ್ಯಾ ದಿನದ ರಜೆಯಂದು, ಎಂದಿನ ಸಭಾಂಗಣದಲ್ಲಿ. ಪೂಜೆ ಬೆಳಗ್ಗೆ 10ಕ್ಕೆ, ಊಟ 12.30ಕ್ಕೆ. ಎಷ್ಟು ಜನ ಬರುತ್ತೀರಿ ಎಂದು ಸೆಪ್ಟೆಂಬರ್ 5ರೊಳಗೆ ತಿಳಿಸಿ, ತಡವಾದರೆ ಅಕ್ಕಿಯ ಲೆಕ್ಕ ತಪ್ಪುತ್ತದೆ. ಮಕ್ಕಳ ಕನ್ನಡ ತರಗತಿ ಹಬ್ಬದ ನಂತರದ ಶನಿವಾರ ಮತ್ತೆ ಶುರು. ರಾಜ್ಯೋತ್ಸವದ ನಾಟಕಕ್ಕೆ ಗಂಡು ಪಾತ್ರಧಾರಿಗಳು ಬೇಕು. ಮುಂದಿನ ಸಂಚಿಕೆಗೆ ಲೇಖನ, ಅಡುಗೆ ವಿಧಾನ, ಫೋಟೋ ಕಳಿಸಿ. ಪುಟವಿನ್ಯಾಸ ಬಲ್ಲ ಯಾರಾದರೂ ಇದ್ದರೆ ನನಗೆ ಒಂದು ಫೋನ್ ಮಾಡಿ, ಒಬ್ಬರೇ ಮಾಡುವುದು ನಿಜವಾಗಿಯೂ ಕಷ್ಟವಾಗುತ್ತಿದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಅಕ್ಕ ಹೊರಡುವ ಮೊದಲು, ಈ ಭಾನುವಾರ ಮಧ್ಯಾಹ್ನ 3ಕ್ಕೆ, ತಮ್ಮ ಮನೆಯಲ್ಲಿ ಹುಳಿಪುಡಿಯ ಅಳತೆ ಮತ್ತು ದೊಡ್ಡ ಪಾತ್ರೆಯ ಅಡುಗೆಯ ಕ್ರಮ ತೋರಿಸಿಕೊಡುತ್ತೇನೆ ಎಂದು ಒಪ್ಪಿದ್ದಾರೆ. ಅವರ ಅಳತೆಯೆಲ್ಲ ಹಿಡಿ, ಚಿಟಿಕೆ, ಸೌಟಿನಲ್ಲಿ ಇರುತ್ತದೆ. ತೂಕದ ಯಂತ್ರ ಇದ್ದವರು ತನ್ನಿ, ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಇಬ್ಬರಾದರೂ ಬೇಕು. ಸಂಘದ ಎರಡು ದೊಡ್ಡ ಪಾತ್ರೆ, ಜಾಲರಿ, ಸೌಟುಗಳು ಅವರ ಮನೆಯಲ್ಲೇ ಇವೆ. ಅವನ್ನು ಇಟ್ಟುಕೊಳ್ಳಲು ಮನೆಯಲ್ಲಿ ಜಾಗ ಇರುವವರು ದೊಡ್ಡ ಕಾರಿನಲ್ಲಿ ಬನ್ನಿ.